ಓದುಗರ ಪ್ರಶ್ನೆ: ಕಳೆದುಹೋದ ಚಿನ್ನದ ಗಣಿ ಹುಡುಕುವುದು ಹೇಗೆ?

ಪ್ರಶ್ನೆ: ಅಮೆರಿಕದ ಅರಿಜೋನಾದಲ್ಲಿ ‘ಡಚ್ಚನ ಗಣಿ’ಯನ್ನು ನೂರು ವರ್ಷದಿಂದ ಹುಡುಕುತ್ತಿದ್ದಾರಂತೆ. ಕೋಲಾರದ ಚಿನ್ನವೂ ಮೊದಲು ಬರೀ ಜನರ ಬಾಯಿಮಾತೇ ತಾನೇ? ಇದು ಸಿಕ್ಕಿತು, ಅದೇಕೆ ಸಿಗಲಿಲ್ಲ?
– ಓದುಗರು, ಬಸವನಗುಡಿ

ಉತ್ತರ: ಹುಡುಕಿದ ರೀತಿಯೇ ಬೇರೆ. ‘ಡಚ್ಚ’ ಎನಿಸಿಕೊಂಡ ಜೇಕಬ್ ವಾಲ್ಟ್ಸ್ ನಿಜಕ್ಕೂ ಡಚ್ಚನಲ್ಲ, ಜರ್ಮನಿಯವನು. 1891ರಲ್ಲಿ ತೀರಿಕೊಳ್ಳುವ ಮುನ್ನ ಸೂಪರ್‌ಸ್ಟಿಷನ್ ಬೆಟ್ಟದಲ್ಲಿ ತನ್ನ ಗಣಿಯಿದೆಯೆಂದು ಗುರುತು ಹೇಳಿದನೆಂಬುದು ಕಥೆ. ಜನ ಆ ಗುರುತುಗಳ ಹಿಂದೆಯೇ ಬಿದ್ದರು: ಬಂಡೆಯ ಆಕಾರ, ಹಳೆಯ ನಕ್ಷೆ. 1931ರಲ್ಲಿ ನಕ್ಷೆ ಹಿಡಿದು ಹೋದ ಅಡಾಲ್ಫ್ ರೂತ್ ಮರಳಿ ಬರಲಿಲ್ಲ. ಆ ಬೆಟ್ಟದ ಬಹುಪಾಲು ಜ್ವಾಲಾಮುಖಿಯ ಬೂದಿ ಗಟ್ಟಿಯಾದ, ಚಿನ್ನದ ನಿರೀಕ್ಷೆ ಕಡಿಮೆಯಿರುವ ಕಲ್ಲು ಎಂಬುದನ್ನು ಹೊರಟವರಲ್ಲಿ ಎಷ್ಟು ಮಂದಿ ಯೋಚಿಸಿದರೋ.

1802ರಲ್ಲಿ ಮೈಸೂರು ಸೀಮೆಯ ಪೂರ್ವದ ಗಡಿ ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಕಿವಿಗೆ ಬಿದ್ದದ್ದೂ ಕೋಲಾರದ ಚಿನ್ನದ ಕಥೆಯೇ. ಆದರೆ ಅವನು ಬಹುಮಾನ ಸಾರಿ ಮಣ್ಣು ತರಿಸಿದ, ಕಣ್ಣೆದುರೇ ತೊಳೆಸಿದ, ಚಿನ್ನದ ಕಣ ಕಂಡ. ಮಾರಿಕುಪ್ಪಂನಲ್ಲಿ ಊರವರು ಕಲ್ಲು ಕುಟ್ಟಿ ಪುಡಿಮಾಡಿ ತೊಳೆಯುವುದನ್ನೂ ನೋಡಿದ. ಅವನ ವರದಿ ಓದಿ 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಹೊರಟವನು ಮೈಕಲ್ ಲ್ಯಾವೆಲ್ಲೆ. ನಮ್ಮ ಲ್ಯಾವೆಲ್ಲೆ ರಸ್ತೆಗೆ ಅವನದೇ ಹೆಸರು. ಆಮೇಲೆ ಬಂದ ಕಂಪನಿಗಳ ದುಡ್ಡೂ ಹೆಚ್ಚುಕಡಿಮೆ ಕರಗಿತ್ತು. ಅವುಗಳಲ್ಲಿ ಒಂದಾದ ಮೈಸೂರು ಗಣಿ ಕಂಪನಿಯವರು ಹಳಬರು ತೋಡಿಬಿಟ್ಟ ಗುಂಡಿಗಳ ಬುಡಕ್ಕೇ ಇಳಿದಾಗ ಚಾಂಪಿಯನ್ ಎಂಬ ಎಳೆ, ಅಂದರೆ ಬಂಡೆಯೊಳಗೆ ಚಿನ್ನವಿರುವ ಪಟ್ಟಿ, ಸಿಕ್ಕಿತು. ಕೊನೆಗೆ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಹೋಗಿ, 2001ರಲ್ಲಿ ಮುಚ್ಚಿತು. ರಾಯಚೂರಿನ ಹಟ್ಟಿಯಲ್ಲೂ ಹಾಗೇ: ಹಳಬರು ಬಂಡೆಗೆ ಬೆಂಕಿಯಿಟ್ಟು ಸೀಳಿಸುತ್ತಾ 600 ಅಡಿಗೂ ಕೆಳಗೆ ಇಳಿದಿದ್ದ ಜಾಗದಲ್ಲೇ ಇಂದಿನ ಗಣಿ ನಡೆಯುತ್ತಿದೆ.

ಪ್ರಶ್ನೆ: ಮರಳು ತೊಳೆದು ಚಿನ್ನ ನೋಡುವುದನ್ನು ಕಲಿಯಬಹುದೇ?
– ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಮನೆಯ ಹಿತ್ತಲಲ್ಲೇ ಕಲಿಯಬಹುದು. 35–40 ಸೆಂಟಿಮೀಟರ್ ಅಗಲದ, ಓರೆ ಅಂಚಿನ ತಟ್ಟೆ ಬೇಕು. ಹೊಸ ತಟ್ಟೆಯಲ್ಲಿ ಎಣ್ಣೆಯ ಪೊರೆ ಇರುತ್ತದೆ, ಅದರಿಂದ ಸಣ್ಣ ಚಿನ್ನ ತೇಲಿಹೋಗುತ್ತದೆ. ಸೋಪಿನಿಂದ ಚೆನ್ನಾಗಿ ಉಜ್ಜಿ. 5 ಮಿಲಿಮೀಟರ್ ಜರಡಿಯಲ್ಲಿ ಸೋಸಿದ ಮರಳಿಗೆ, ಗಾಳಕ್ಕೆ ಕಟ್ಟುವ ಸೀಸವನ್ನು ಚಪ್ಪಟೆ ಬಡಿದು ಸಣ್ಣಗೆ ಕತ್ತರಿಸಿದ 20 ಚೂರು ಬೆರೆಸಿ. ನೀರಿನದು 1 ಎಂದಾದರೆ ಸೀಸದ ಸಾಂದ್ರತೆ 11.3, ಬೆಣಚುಕಲ್ಲಿನದು 2.65, ಚಿನ್ನದ್ದು 19.3. ಸೀಸ ಉಳಿಸಿಕೊಳ್ಳುವ ಕೈ ಚಿನ್ನವನ್ನು ಬಿಡುವುದಿಲ್ಲ. ಮುಗಿದ ಮೇಲೆ ಕೈ ತೊಳೆಯಲೇಬೇಕು.

ತಟ್ಟೆಯನ್ನು ನೀರೊಳಗೆ ಮುಳುಗಿಸಿ, ಜೇಡಿಯ ಉಂಡೆಗಳನ್ನು ಬೆರಳಲ್ಲಿ ಪೂರ್ತಿ ಹಿಸುಕಿ. ಕಣಗಳು ಅಂಟಿಕೊಂಡು ಹೊರಹೋಗುವುದು ಅವುಗಳಲ್ಲೇ. ಆಮೇಲೆ ಎಡಕ್ಕೂ ಬಲಕ್ಕೂ ಜಾಡಿಸಿ, ಭಾರದ್ದು ತಳ ಸೇರಲಿ. ಅದಾದ ಮೇಲಷ್ಟೇ ಮುಂದಕ್ಕೆ ಬಾಗಿಸಿ ಮೇಲಿನ ಪದರವನ್ನು ನೀರಿಗೆ ಬಿಡಿ. ಮತ್ತೆ ಜಾಡಿಸಿ, ಮತ್ತೆ ಬಿಡಿ. ಹೊಸಬರು ಜಾಡಿಸದೆ ಗರಗರ ತಿರುಗಿಸುತ್ತಾರೆ, ಚೂರುಗಳು ಕಳೆದುಹೋಗುವುದು ಅಲ್ಲೇ. ಕೊನೆಯಲ್ಲಿ ಕಪ್ಪು ಮರಳು ಉಳಿಯುತ್ತದೆ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದನ್ನು ಎತ್ತಿಬಿಡಿ. 20ರಲ್ಲಿ 18 ಚೂರು ಸತತ ಸಿಗುವವರೆಗೆ ಅಭ್ಯಾಸ ಮಾಡಿ.

ಹಳ್ಳದಲ್ಲಿ ಭೂವಿಜ್ಞಾನಿಗಳು ತೊಳೆಯುವ ಮರಳು ತಿರುವಿನ ಒಳಬದಿಯದು, ಬಂಡೆಯ ಬಿರುಕಿನದು. ಪ್ರತಿ ಜಾಗದಲ್ಲೂ ಅಳತೆ ಒಂದೇ, ಹೇಳಿ 10 ಲೀಟರ್. ಕಣ ಎಣಿಸುತ್ತಾ ಮೇಲಕ್ಕೆ ಹೋಗುತ್ತಾರೆ. ಎಣಿಕೆ ಏರುತ್ತಾ ಹೋಗಿ ಒಂದೆಡೆ ಥಟ್ಟನೆ ನಿಂತರೆ, ಎಳೆ ಆ ಜಾಗದ ಪಕ್ಕದ ಇಳಿಜಾರಿನಲ್ಲಿರುವ ಸಂಭವ ಹೆಚ್ಚು. ಧಾರವಾಡ, ಗದಗ ಕಡೆಯ ಜಾಲಗಾರರು ಚಿನ್ನ ತೊಳೆದೇ ಬದುಕಿದವರು. ಅಳತೆ ಬದಲಿಸಿದರೆ ಎಣಿಕೆಗೆ ಅರ್ಥವೇ ಇಲ್ಲ. ಚಿನ್ನಕ್ಕಾಗಿ ಹಳ್ಳಕ್ಕಿಳಿಯುವ ಮುನ್ನ ಮಾತ್ರ ಬೆಂಗಳೂರಿನ ಖನಿಜ ಭವನದಲ್ಲಿರುವ ಗಣಿ ಇಲಾಖೆಯಲ್ಲಿ ಕೇಳಿ. ಪರವಾನಗಿಯಿಲ್ಲದೆ ಶೋಧಿಸುವುದು 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಅಪರಾಧ.

ಪ್ರಶ್ನೆ: ತೋಟದ ಕಲ್ಲೊಂದು ಹಳದಿಯಾಗಿ ಹೊಳೆಯುತ್ತದೆ. ಚಿನ್ನವೇ?
– ಓದುಗರು, ಯಲಹಂಕ

ಉತ್ತರ: ಸೂಜಿಯಿಂದ ಒತ್ತಿ. ಪದರ ಪದರವಾಗಿ ಕಿತ್ತುಬಂದರೆ ಕಾಗೆಬಂಗಾರ. ಪುಡಿಯಾದರೆ ಪೈರೈಟ್, ಅದನ್ನು ಮೆರುಗಿಲ್ಲದ ಬಿಳಿ ಟೈಲ್ಸ್ ಹಿಂಬದಿಗೆ ಉಜ್ಜಿದರೆ ಹಸಿರು ಮಿಶ್ರಿತ ಕಪ್ಪು ಗೆರೆ ಬರುತ್ತದೆ. ಒತ್ತಿದ ಕಡೆ ತಗ್ಗಾಗಿ ಉಳಿದು, ಗೆರೆ ಹಳದಿಯಾಗಿಯೇ ಬಂದರೆ ಪರೀಕ್ಷೆಗೆ ಕೊಡಬಹುದು. ಕಲ್ಲನ್ನು ಒಲೆಯ ಮೇಲೆ ಕಾಯಿಸಬೇಡಿ. ಆರ್ಸೆನಿಕ್ ಇರುವ ಖನಿಜವಾದರೆ ವಿಷದ ಹೊಗೆ ಬರುತ್ತದೆ.

ಪ್ರಯೋಗಾಲಯಕ್ಕೆ ಹೊಳೆಯುವ ಚೂರನ್ನೇ ಆರಿಸಿ ಕೊಟ್ಟರೆ ಬರುವ ಅಂಕಿ ಸುಳ್ಳಾಗುತ್ತದೆ. ಬೆಣಚಿನ ಎಳೆಯ ಒಂದು ಅಂಚಿನಿಂದ ಇನ್ನೊಂದಕ್ಕೆ ಸಮನಾಗಿ ಕೆತ್ತಿ 2 ಕೆಜಿ ತೆಗೆಯಬೇಕು. ಟನ್ನಿಗೆ 5 ಗ್ರಾಂ ಚಿನ್ನವಿದ್ದರೆ ಒಳ್ಳೆಯ ಅದಿರು. ಆ 5 ಗ್ರಾಂ ಎಂದರೆ ಕಾಲು ಮಿಲಿಲೀಟರ್, ಅದು ಒಂದು ಟನ್ ಕಲ್ಲಿನಲ್ಲಿ ಹರಡಿರುತ್ತದೆ. ಒಳ್ಳೆಯ ಅದಿರಿನಲ್ಲೂ ಸಾಮಾನ್ಯವಾಗಿ ಬರಿಗಣ್ಣಿಗೆ ಏನೂ ಕಾಣುವುದಿಲ್ಲ.

ಪ್ರಶ್ನೆ: ಊರ ಹತ್ತಿರದ ಹಳೆ ಗಣಿಗುಂಡಿಗೆ ಇಳಿಯಬಹುದೇ?
– ಓದುಗರು, ಕೆ.ಆರ್. ಪುರ

ಉತ್ತರ: ಬೇಡ. ತಳದಲ್ಲಿ ಆಮ್ಲಜನಕ ಕಡಿಮೆಯಿರಬಹುದು, ಅದಕ್ಕೆ ವಾಸನೆಯಾಗಲಿ ಬಣ್ಣವಾಗಲಿ ಇರುವುದಿಲ್ಲ. ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ. ಬಾಯಿಯ ಸುತ್ತ ಪೊದೆ ಬೆಳೆದಿದ್ದರೆ ಅಂಚು ಎಲ್ಲಿದೆಯೆಂದೇ ತಿಳಿಯದು. ಜಾಗವನ್ನು ದೂರದಿಂದ ಗುರುತು ಮಾಡಿ ಪಂಚಾಯಿತಿಗೆ ತಿಳಿಸಿ, ಬೇಲಿ ಹಾಕಿಸಿ.