ಓದುಗರ ಪ್ರಶ್ನೆ: ಟಿ-ಡಿಎನ್‌ಎ ಸೇರಿದ ಕಡೆ ವರ್ಣತಂತುವಿನ ತುಂಡು ಕಳೆದುಹೋಗಿದೆಯೇ?

ಪ್ರಶ್ನೆ: ಆಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಮೂಲಕ ಟಿ-ಡಿಎನ್‌ಎ (ಆ ಬ್ಯಾಕ್ಟೀರಿಯಾ ಗಿಡದ ವರ್ಣತಂತುವಿಗೆ ಸೇರಿಸುವ ಡಿಎನ್‌ಎ ತುಂಡು) ಸೇರಿಸಿದ 40 ಅರಬಿಡಾಪ್ಸಿಸ್ ಗಿಡಗಳು (ಸಂಶೋಧನೆಯಲ್ಲಿ ಬಳಸುವ ಪುಟ್ಟ ಸಸ್ಯ) ನಮ್ಮಲ್ಲಿವೆ. ಎಲ್ಲವೂ ಮೊದಲ ಪೀಳಿಗೆಯವು. ಸೇರ್ಪಡೆಯ ಆಚೀಚೆ ಪ್ರೈಮರ್ (ನಕಲು ಶುರುವಾಗುವ ಜಾಗ ಗುರುತಿಸುವ ಚಿಕ್ಕ ಡಿಎನ್‌ಎ ತುಂಡು) ಇಟ್ಟು, ನಡುವಿನ ಡಿಎನ್‌ಎಯನ್ನು ನಕಲು ಮಾಡುವ ಪಿಸಿಆರ್ ಮಾಡಿದಾಗ ಎಲ್ಲದರಲ್ಲೂ ಸರಿಯಾದ ಅಳತೆಯ ಬ್ಯಾಂಡ್ ಬಂತು. ವರ್ಣತಂತುವಿನ ತುಂಡು ಎಲ್ಲೂ ಕಳೆದುಹೋಗಿಲ್ಲ ಎನ್ನಬಹುದೇ?

ಉತ್ತರ: ಎನ್ನಲಾಗದು. ಮೊದಲ ಪೀಳಿಗೆಯ ಗಿಡದಲ್ಲಿ ಜೋಡಿ ವರ್ಣತಂತುಗಳ ಪೈಕಿ ಒಂದರಲ್ಲಿ ಮಾತ್ರ ಟಿ-ಡಿಎನ್‌ಎ ಇರುತ್ತದೆ. ಇನ್ನೊಂದು ಹಾಗೇ ಇರುತ್ತದೆ, ನಿಮಗೆ ಬಂದ ಬ್ಯಾಂಡ್ ಅದರದ್ದು. ಟಿ-ಡಿಎನ್‌ಎ ಕೂತ ವರ್ಣತಂತುವಿನಲ್ಲಿ 50 ಕಿಲೋಬೇಸ್ (50,000 ಡಿಎನ್‌ಎ ಅಕ್ಷರ) ಮಾಯವಾಗಿದ್ದರೂ ಈ ಪಿಸಿಆರ್‌ಗೆ ಅದು ಕಾಣುವುದಿಲ್ಲ.

ಮೊದಲು ಟಿ-ಡಿಎನ್‌ಎಯ ಎರಡೂ ತುದಿ (ಎಡ ಅಂಚು, ಬಲ ಅಂಚು) ಜೀನೋಮಿಗೆ, ಅಂದರೆ ಗಿಡದ ಡಿಎನ್‌ಎಗೆ, ಸೇರಿದ ಸಂಧಿಗಳನ್ನು ಹಿಡಿಯಿರಿ. ಇಲ್ಲಿ ಹಲವರು ಎಡವುತ್ತಾರೆ: ಒಂದು ಬದಿಗೆ ಎಡ ಅಂಚಿನ ಪ್ರೈಮರ್, ಇನ್ನೊಂದು ಬದಿಗೆ ಬಲ ಅಂಚಿನದು ಎಂದುಕೊಂಡು ಕೆಲಸ ಆರಂಭಿಸುತ್ತಾರೆ. ಆದರೆ ಟಿ-ಡಿಎನ್‌ಎ ಪ್ರತಿಗಳು ಬಾಲಕ್ಕೆ ಬಾಲ (ಬಲ ಅಂಚಿಗೆ ಬಲ ಅಂಚು) ಕೂಡಿ ಸೇರುವುದು ಸಾಮಾನ್ಯ, ಆಗ ಎರಡೂ ಕಡೆ ಎಡ ಅಂಚೇ ಸಿಗಬಹುದು. ಹಾಗಾಗಿ ಎರಡೂ ಬದಿಗೂ ಎಡ ಅಂಚಿನ ಪ್ರೈಮರ್ ಹಾಕಿ ನೋಡಿ, ನಂತರ ಬಲ ಅಂಚಿನದನ್ನು ಪ್ರಯತ್ನಿಸಿ. ಎರಡೂ ಸಂಧಿ ಸಿಕ್ಕರೆ ಅವುಗಳ ನಡುವೆ ಜೀನೋಮಿನಲ್ಲಿ ಎಷ್ಟು ಬೇಸ್ ಇರಬೇಕಿತ್ತು ಎಂದು ಎಣಿಸಿದರಾಯಿತು, ನಷ್ಟದ ಅಳತೆ ಅಷ್ಟೇ. ಒಂದು ಸಂಧಿ ಸಿಗದಿದ್ದರೆ ಅದನ್ನು ‘ಗೊತ್ತಾಗಿಲ್ಲ’ ಎಂಬ ಗುಂಪಿಗೆ ಸೇರಿಸಿ, ‘ನಷ್ಟವಿಲ್ಲ’ ಎಂಬ ಗುಂಪಿಗಲ್ಲ. ದೊಡ್ಡ ನಷ್ಟಗಳು ಅಡಗಿ ಕೂರುವುದು ಆ ಗುಂಪಿನಲ್ಲೇ.

ಎರಡು ಸಂಧಿಗಳು ಬೇರೆ ಬೇರೆ ವರ್ಣತಂತುಗಳಲ್ಲಿ ಸಿಕ್ಕರೆ ಅಲ್ಲಿ ತುಂಡುಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಅದನ್ನು ನಷ್ಟದ ಲೆಕ್ಕಕ್ಕೆ ತರಬೇಡಿ.

ಪ್ರಶ್ನೆ: ಎಷ್ಟು ದೊಡ್ಡದನ್ನು ನಷ್ಟ ಎಂದು ಎಣಿಸಬೇಕು?

ಉತ್ತರ: ಎಣಿಕೆ ಶುರುಮಾಡುವ ಮೊದಲೇ ನಿರ್ಧರಿಸಿ ಬರೆದಿಡಿ. ಟಿ-ಡಿಎನ್‌ಎ ಕೂತ ಜಾಗದಲ್ಲಿ ಕೆಲವು ಬೇಸ್‌ಗಳಿಂದ ಕೆಲವು ಹತ್ತು ಬೇಸ್‌ಗಳವರೆಗೆ ಕಳೆದುಹೋಗುವುದು ತೀರಾ ಸಾಮಾನ್ಯ. ತುಂಡಾದ ತುದಿಗಳು ಸವೆದು, ನಾಲ್ಕಾರು ಬೇಸ್ ಹೊಂದುವ ಕಡೆ ಕೂಡಿಕೊಳ್ಳುತ್ತವೆ. ಪಾಲಿಮರೇಸ್ ಥೀಟಾ ಎಂಬ ಕಿಣ್ವ ಮಾಡುವ ಕೆಲಸ ಇದು. ಇವನ್ನೂ ಎಣಿಸಿದರೆ ನಿಮ್ಮ ಪ್ರಮಾಣ 100 ಪ್ರತಿಶತದ ಹತ್ತಿರ ಹೋಗುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. 1 ಕಿಲೋಬೇಸ್‌ಗಿಂತ ಹೆಚ್ಚಿನದನ್ನು ಒಂದು ಗುಂಪು, ಅದಕ್ಕಿಂತ ಚಿಕ್ಕದನ್ನು ಇನ್ನೊಂದು ಗುಂಪು ಮಾಡುವುದು ನಮ್ಮ ಸಲಹೆ.

ಪ್ರಶ್ನೆ: ಇಡೀ ಜೀನೋಮ್ ಸೀಕ್ವೆನ್ಸ್ ಮಾಡಿಸಿದರೆ ಸಾಕಲ್ಲವೇ? ಎಷ್ಟು ಆಳ (ಪ್ರತಿ ಬೇಸನ್ನು ಸರಾಸರಿ ಎಷ್ಟು ಬಾರಿ ಓದುವುದು) ಬೇಕು?

ಉತ್ತರ: ಒಂದೇ ಪ್ರತಿಯಲ್ಲಾದ ನಷ್ಟ ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ತುಂಡು ಹೋದ ಕಡೆ ಓದುಗಳ (ಯಂತ್ರ ಓದಿದ ಚಿಕ್ಕ ಡಿಎನ್‌ಎ ತುಂಡುಗಳ) ಸಂಖ್ಯೆ ಅರ್ಧಕ್ಕೆ ಇಳಿದಿರುತ್ತದೆ. ಅರಬಿಡಾಪ್ಸಿಸ್ ಜೀನೋಮ್ ಸುಮಾರು 135 ಮೆಗಾಬೇಸ್. 30 ಪಟ್ಟು ಆಳಕ್ಕೆ ಸುಮಾರು 4 ಗಿಗಾಬೇಸ್ ಬೇಕು. ಆದರೆ ಎಲೆಯಿಂದ ತೆಗೆದ ಡಿಎನ್‌ಎಯಲ್ಲಿ ಕ್ಲೋರೋಪ್ಲಾಸ್ಟಿನದೂ ಸಾಕಷ್ಟು ಬೆರೆತಿರುವುದರಿಂದ 5–6 ಗಿಗಾಬೇಸ್ ಕೇಳಿ. ಇಲ್ಲವೇ ಕೋಶಕೇಂದ್ರಗಳನ್ನು ಮೊದಲೇ ಬೇರ್ಪಡಿಸಿ.

150 ಬೇಸ್ ಉದ್ದದ ಓದುಗಳಾದರೆ, 30 ಪಟ್ಟು ಆಳದಲ್ಲಿ 1 ಕಿಲೋಬೇಸ್ ಕಿಟಕಿಗೆ (ಎಣಿಕೆಗೆ ಆರಿಸಿದ ಭಾಗಕ್ಕೆ) ಸುಮಾರು 200 ಓದು ಬರುತ್ತವೆ. ನಷ್ಟವಾದಲ್ಲಿ ಅದು 100 ಆಗುತ್ತದೆ, ವ್ಯತ್ಯಾಸ ಎದ್ದು ಕಾಣುತ್ತದೆ. ಕಿಟಕಿಯನ್ನು 100 ಬೇಸ್‌ಗೆ ಇಳಿಸಿದರೆ 20ಕ್ಕೆ 10, ಅದನ್ನು ನಂಬಲಾಗದು. ಚಿಕ್ಕ ನಷ್ಟಗಳನ್ನು ಎರಡು ಕಡೆಗೆ ಹಂಚಿ ಹೊಂದುವ ಓದುಗಳಿಂದಲೇ ಹುಡುಕಬೇಕು. ಹೋಲಿಕೆಗೆ ಸಾರ್ವಜನಿಕ ಜೀನೋಮ್ ಸಾಲದು. ನೀವು ಬಳಸಿದ ಅದೇ ಬೀಜದ ಮೂಲಗಿಡವನ್ನೂ ಸೀಕ್ವೆನ್ಸ್ ಮಾಡಿಸಿ. ಇಲ್ಲದಿದ್ದರೆ ಆ ತಳಿಯಲ್ಲಿ ಹಿಂದಿನಿಂದಲೂ ಇಲ್ಲದ ತುಂಡೆಲ್ಲ ಟಿ-ಡಿಎನ್‌ಎ ತಲೆಗೆ ಬರುತ್ತದೆ. ನಷ್ಟದ ಅಂಚಿನಲ್ಲೇ ಟಿ-ಡಿಎನ್‌ಎ ಇದ್ದರೆ ಮಾತ್ರ ಕಾರಣ ಅದೇ ಎಂದು ಧೈರ್ಯವಾಗಿ ಹೇಳಬಹುದು. ಬೇರೆಡೆ ಕಂಡದ್ದನ್ನು ತೂಗಲು, ಬ್ಯಾಕ್ಟೀರಿಯಾ ದ್ರಾವಣದಲ್ಲಿ ಅದ್ದಿದರೂ ಟಿ-ಡಿಎನ್‌ಎ ಸೇರದ ಹೂವಿನಿಂದ ಬಂದ ಸಸಿಗಳೂ ಬೇಕು.

ಪ್ರಶ್ನೆ: ಒಂದು ಗಿಡದ ಬೀಜ ಬಿತ್ತಿದರೆ ಕ್ಯಾನಮೈಸಿನ್ ಎಂಬ ಪ್ರತಿಜೀವಕ ತಡೆಯುವ (ಅಂದರೆ ಟಿ-ಡಿಎನ್‌ಎ ಇರುವ) ಮತ್ತು ತಡೆಯದ ಸಸಿಗಳು 3:1 ಬದಲು 1:1 ಬರುತ್ತಿವೆ. ಏಕೆ?

ಉತ್ತರ: ಬಲವಾದ ಸುಳಿವು ಇದು. ಪರಾಗದಲ್ಲಿ ವರ್ಣತಂತುಗಳ ಒಂದೇ ಸೆಟ್ ಇರುತ್ತದೆ. ಬೇಕಾದ ಜೀನ್‌ಗಳಿರುವ ತುಂಡು ಹೋದರೆ ಮರೆಮಾಚಲು ಇನ್ನೊಂದು ಪ್ರತಿ ಇರುವುದಿಲ್ಲ, ಪರಾಗ ಸಾಯುತ್ತದೆ. ಆಗ ಟಿ-ಡಿಎನ್‌ಎ ತಾಯಿಯ ಕಡೆಯಿಂದ ಮಾತ್ರ ದಾಟುತ್ತದೆ, ಅನುಪಾತ 1:1 ಆಗುತ್ತದೆ. ಎರಡೂ ದಿಕ್ಕಿನ ಸಂಕರ ಮಾಡಿ ಖಚಿತಪಡಿಸಿಕೊಳ್ಳಿ: ಈ ಗಿಡ ಗಂಡಾದಾಗ ತಡೆಯುವ ಸಸಿ ಬರದೆ, ಹೆಣ್ಣಾದಾಗ ಅರ್ಧ ಬಂದರೆ ಪರಾಗದಲ್ಲೇ ತೊಂದರೆ.

ಅಲೆಕ್ಸಾಂಡರ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಚೆನ್ನಾಗಿರುವ ಪರಾಗ ನೇರಳೆಗೆಂಪಾಗುತ್ತದೆ, ಸತ್ತದ್ದು ಹಸಿರಾಗಿ ಮುದುಡಿರುತ್ತದೆ. ಅರ್ಧ ಸತ್ತಿದ್ದರೆ ನಷ್ಟವಿರಬಹುದು, ತುಂಡುಗಳ ಅದಲುಬದಲೂ ಇರಬಹುದು. ಬೇರ್ಪಡಿಸಲು ನಾಲ್ಕು ಪರಾಗ ಅಂಟಿಕೊಂಡೇ ಇರುವ ಕ್ವಾರ್ಟೆಟ್ ರೂಪಾಂತರಿಯ ಹಿನ್ನೆಲೆ ನೆರವಾಗುತ್ತದೆ. ನಷ್ಟವಾದರೆ ಪ್ರತಿ ನಾಲ್ಕರಲ್ಲಿ ಎರಡು ಸಾಯುತ್ತವೆ. ಅದಲುಬದಲಾದರೆ ನಾಲ್ಕೂ ಬದುಕಿದ ಮತ್ತು ನಾಲ್ಕೂ ಸತ್ತ ಗುಂಪುಗಳೂ ಸಿಗುತ್ತವೆ. ಆದರೂ ಪರಾಗಕ್ಕೆ ಬೇಕೇ ಬೇಕಾದ ಒಂದು ಜೀನ್‌ನೊಳಗೆ ಟಿ-ಡಿಎನ್‌ಎ ಕೂತಿದ್ದರೂ ಇದೇ 1:1 ಬರುತ್ತದೆ. ಕೊನೆಯ ತೀರ್ಪು ಸೀಕ್ವೆನ್ಸಿನದ್ದೇ.

ಇಂಥ ಗಿಡದಿಂದ ಹೋಮೋಜೈಗಸ್ (ಜೋಡಿಯ ಎರಡೂ ವರ್ಣತಂತುಗಳಲ್ಲಿ ಟಿ-ಡಿಎನ್‌ಎ ಇರುವ) ಸಸಿ ಎಂದೂ ಸಿಗುವುದಿಲ್ಲ. ಹೋಮೋಜೈಗಸ್ ಆದವನ್ನು ಮಾತ್ರ ಆರಿಸಿ ಎಣಿಸಿದರೆ ದೊಡ್ಡ ನಷ್ಟಗಳು ತಾವಾಗಿಯೇ ಪಟ್ಟಿಯಿಂದ ಹೊರಬೀಳುತ್ತವೆ. ಮೊದಲ ಪೀಳಿಗೆಯಲ್ಲೇ, ಕಾಣುವ ರೂಪ ನೋಡದೆ, ಯಾದೃಚ್ಛಿಕವಾಗಿ ಗಿಡ ಆರಿಸಿ. ಅಂಡದ ಹಂತದಲ್ಲೇ ಸತ್ತವು ಹೇಗೂ ಸಿಗುವುದಿಲ್ಲ, ಆದ್ದರಿಂದ ನಿಮ್ಮ ಅಂಕಿ ಕನಿಷ್ಠ ಪ್ರಮಾಣ ಎಂದೇ ಬರೆಯಿರಿ.

ಪ್ರಶ್ನೆ: ಎಷ್ಟು ಗಿಡ ಬೇಕು?

ಉತ್ತರ: ಒಂದೂ ನಷ್ಟ ಕಾಣದಿದ್ದರೆ 3 ಅನ್ನು ಗಿಡಗಳ ಸಂಖ್ಯೆಯಿಂದ ಭಾಗಿಸಿ, ನಿಜವಾದ ಪ್ರಮಾಣದ ಮೇಲಿನ ಮಿತಿ 95 ಪ್ರತಿಶತ ಭರವಸೆಯಲ್ಲಿ ಅದೇ. 40 ಗಿಡಗಳಿಗೆ ಅದು ಸುಮಾರು 7.5 ಪ್ರತಿಶತ, ಅಂದರೆ ಸೊನ್ನೆ ಬಂದರೂ ಹೆಚ್ಚೇನೂ ಹೇಳಿದಂತಾಗಲಿಲ್ಲ. 5 ಪ್ರತಿಶತ ಪ್ರಮಾಣದ ಘಟನೆ ಅದೇ ಭರವಸೆಯಲ್ಲಿ ಒಮ್ಮೆಯಾದರೂ ಕಾಣಲು 59 ಗಿಡ, 1 ಪ್ರತಿಶತದ್ದಾದರೆ 299. ಅಂಗಾಂಶ ಕೃಷಿಯಿಂದ ಬಂದ ಗಿಡಗಳಾದರೆ ಒಂದೇ ಕ್ಯಾಲಸ್‌ನ (ರೂಪ ತಾಳದ ಕೋಶಮುದ್ದೆಯ) ಚಿಗುರುಗಳನ್ನು ಬೇರೆ ಬೇರೆ ಘಟನೆ ಎಂದು ಎಣಿಸಬೇಡಿ.

ಪ್ರಶ್ನೆ: ಗೋಧಿಯಲ್ಲೂ ಇದೇ ಪ್ರಮಾಣ ನಿರೀಕ್ಷಿಸಬಹುದೇ?

ಉತ್ತರ: ಇಲ್ಲ. ಗೋಧಿಯಲ್ಲಿ ಆರು ಸೆಟ್ ವರ್ಣತಂತುಗಳಿವೆ, ಒಂದು ವರ್ಣತಂತು ಜೋಡಿಯೇ ಇಲ್ಲದ ಗಿಡಗಳೂ ಬದುಕುತ್ತವೆ. ನಷ್ಟ ಸಹಿಸುವ ಗಿಡದಲ್ಲಿ ಅದು ಉಳಿದು ಎಣಿಕೆಗೆ ಸಿಗುತ್ತದೆ. ಎರಡು ಬೆಳೆಗಳ ಅಂಕಿ ಪಕ್ಕಪಕ್ಕ ಇಟ್ಟಾಗ ಒಡೆಯುವ ಪ್ರಮಾಣ ಬೇರೆಯೋ, ಉಳಿಯುವ ಪ್ರಮಾಣ ಬೇರೆಯೋ ಎಂದು ಮೊದಲು ಕೇಳಿ.