ಬೇಡ ಅಂದಾಗ ಎದ್ದು ಹೋಗೋ ಅನುಕೂಲಕ್ಕೆ ಬೆಲೆ ಯಾರು ಕಟ್ತಾರೆ?

ನಮಸ್ಕಾರ. ಹೆಸರು ಹಾಕ್ಬೇಡಿ ಅಂದಿದ್ದೀರ, ಹಾಕಲ್ಲ. ಬೇರೆ ಓದುಗರಿಗೆ ಗೊತ್ತಾಗ್ಲಿ ಅಂತ ನಿಮ್ಮ ಪತ್ರದ ವಿಷ್ಯ ಮಾತ್ರ ಚಿಕ್ಕದಾಗಿ ಹೇಳ್ಬಿಡ್ತೀನಿ. ನೀವು ಮನೇಲೇ ಕೂತು ಸಣ್ಣಪುಟ್ಟ ಕಂಪನಿಗಳ ಅಕೌಂಟ್ಸ್ ನೋಡ್ಕೊಡ್ತೀರ, ಇಡೀ ದಿನ ಮಾತಾಡೋಕೆ ಒಬ್ರೂ ಇರಲ್ಲ, ಬೇರೆ ಬೇರೆ ಕೆಲಸದವರು ದುಡ್ಡು ಕೊಟ್ಟು ಒಂದೇ ಕಡೆ ಕೂತು ಕೆಲಸ ಮಾಡೋ ಕೋವರ್ಕಿಂಗ್ ಜಾಗಕ್ಕೆ ಸೇರ್ಕೊಳ್ಳೋಣ ಅಂದ್ರೆ ಮನೆಯವರು "ಅಷ್ಟು ದೊಡ್ಡ ಕೋವರ್ಕಿಂಗ್ ಕಂಪನಿ ವೀವರ್ಕೇ ದಿವಾಳಿ ಆಯ್ತು, ಇದೆಲ್ಲ ನಾಲ್ಕು ದಿನದ ಫ್ಯಾಷನ್ನು" ಅಂತಾರೆ. ಹಾಗಿದ್ರೆ ದಿನಾ ಹೊಸ ಹೊಸ ಜಾಗ ಯಾಕೆ ತೆರೀತಿವೆ, ಸೇರಿದ್ರೆ ನನ್ನ ಒಂಟಿತನ ಹೋಗುತ್ತಾ ಅಂತ ಕೇಳಿದ್ದೀರ. ನಿಮ್ಮ ಹಾಗೇ ಮನೇಲಿ ಕೆಲಸ ಮಾಡೋ ಇಬ್ಬರು ಗೆಳತಿಯರ ವಿಷ್ಯನೂ ಬರೆದಿದ್ದೀರ, ಅದಕ್ಕೆ ಆಮೇಲೆ ಬರ್ತೀನಿ.

ಎರಡು ಪ್ರಶ್ನೆಗೂ ಉತ್ತರದ ಬೇರು ಒಂದೇ ಅನ್ಸುತ್ತೆ ನಂಗೆ. ಇಂಥ ಜಾಗದಲ್ಲಿ ಮೇಜು, ಕುರ್ಚಿ, ವೈಫೈ ಎಲ್ಲ ಕೊಡ್ತಾರೆ, ಅದೆಲ್ಲ ನಿಮ್ಮ ಮನೇಲೂ ಇದೆ. ನೀವು ಅಲ್ಲಿ ನಿಜವಾಗ್ಲೂ ದುಡ್ಡು ಕೊಡೋದು ಬೇಡ ಅನ್ನಿಸಿದ ತಿಂಗಳು ಎದ್ದು ಹೋಗೋ ಅನುಕೂಲಕ್ಕೆ. ಮಾಮೂಲಿ ಆಫೀಸ್ ಹಿಡಿದ್ರೆ ವರ್ಷಗಟ್ಟಲೆ ಲೀಸು, ಡೆಪಾಸಿಟ್ಟು, ಪಾರ್ಟಿಷನ್ ಹಾಕ್ಸೋ ಖರ್ಚು, ಕರೆಂಟು, ಕ್ಲೀನಿಂಗು, ಎಲ್ಲ ನಿಮ್ಮ ತಲೆ ಮೇಲೆ. ಇಲ್ಲಿ ಆ ಭಾರ ಎಲ್ಲೂ ಮಾಯ ಆಗಿಲ್ಲ, ನಿಮ್ಮ ಬದಲಿಗೆ ಇನ್ಯಾರೋ ಹೊತ್ಕೊಂಡಿದ್ದಾರೆ ಅಷ್ಟೇ. ಯಾರು ಅಂತ ಹುಡುಕ್ತಾ ಹೋದ್ರೆ ವೀವರ್ಕ್ ಕಥೆನೂ ಅರ್ಥ ಆಗುತ್ತೆ, ನಾಳೆ ನಿಮ್ಮ ಪಕ್ಕದ ಕುರ್ಚೀಲಿ ಯಾರಿರ್ತಾರೆ ಅನ್ನೋದೂ ಅರ್ಥ ಆಗುತ್ತೆ.

ವೀವರ್ಕ್ 2010ರಲ್ಲಿ ನ್ಯೂಯಾರ್ಕಲ್ಲಿ ಶುರುವಾಗಿದ್ದು. ಕಟ್ಟಡಗಳನ್ನ ತುಂಬಾ ವರ್ಷಕ್ಕೆ ಲೀಸ್ ತಗೊಳ್ಳೋದು, ಚೆನ್ನಾಗಿ ರೆಡಿ ಮಾಡ್ಸೋದು, ಆಮೇಲೆ ತುಂಡು ತುಂಡಾಗಿ ತಿಂಗಳ ಲೆಕ್ಕದಲ್ಲಿ ಕೊಡೋದು, ಇದೇ ವ್ಯವಹಾರ. 2019ರ ಜನವರೀಲಿ ಅದರ ಬೆಲೆ 4,700 ಕೋಟಿ ಡಾಲರ್ ಅಂತ ಲೆಕ್ಕ ಹಾಕಿದ್ರು. ಅದೇ ವರ್ಷ ಆಗಸ್ಟಲ್ಲಿ ಷೇರು ಮಾರೋಕೆ ಅಂತ ತನ್ನ ಲೆಕ್ಕ ಬಿಚ್ಚಿಡಬೇಕಾಗಿ ಬಂತು, ಅಕೌಂಟ್ಸ್ ನೋಡೋರು ನೀವು, ನಿಮಗೆ ಇದು ಬಿಡಿಸಿ ಹೇಳಬೇಕಾಗಿಲ್ಲ: ಮುಂದೆ ಕಟ್ಟಬೇಕಾದ ಲೀಸ್ ಬಾಡಿಗೆ ಸುಮಾರು 4,700 ಕೋಟಿ ಡಾಲರ್, ಸದಸ್ಯರು ಕೊಡ್ತೀವಿ ಅಂತ ಮೊದಲೇ ಒಪ್ಕೊಂಡಿದ್ದ ದುಡ್ಡು ಬರೀ 400 ಕೋಟಿ. ಅಮೆರಿಕದಲ್ಲಿ ಅವರ ಲೀಸುಗಳು ಸರಾಸರಿ 15 ವರ್ಷದ್ದು. ಅಂದ್ರೆ ಎದ್ದು ಹೋಗೋ ಅನುಕೂಲ ಸದಸ್ಯರಿಗೆಲ್ಲ ಇತ್ತು, ಕಂಪನಿಗೆ ಮಾತ್ರ ಇರ್ಲಿಲ್ಲ. ಷೇರು ಮಾರಾಟ ಸೆಪ್ಟೆಂಬರ್ ಕೊನೇಲಿ ವಾಪಸ್ ತಗೊಂಡ್ರು, 2020ರಲ್ಲಿ ಕೊರೊನಾ ಬಂದು ಕುರ್ಚಿಗಳು ಖಾಲಿ ಆದ್ವು, ಬಾಡಿಗೆ ಮಾತ್ರ ಓಡ್ತಾನೇ ಇತ್ತು, 2023ರ ನವೆಂಬರಲ್ಲಿ ದಿವಾಳಿ ಅರ್ಜಿ ಹಾಕಿದ್ರು. ಆದ್ರೆ ಮನೆಯವರಿಗೆ ಇದನ್ನೂ ಹೇಳಿ, ಕಂಪನಿ ಬಾಗಿಲು ಮುಚ್ಚಲಿಲ್ಲ, ನೂರಕ್ಕೂ ಹೆಚ್ಚು ಲೀಸ್ ಬಿಟ್ಟು, ಉಳಿದಿದ್ದರಲ್ಲಿ ಎಷ್ಟೋ ಕಡೆ ಬಾಡಿಗೆ ಕಮ್ಮಿ ಮಾಡ್ಸ್ಕೊಂಡು 2024ರ ಜೂನಲ್ಲಿ ದಿವಾಳಿ ಪ್ರಕ್ರಿಯೆಯಿಂದ ಹೊರಗೆ ಬಂತು.

ಇದು ಹೊಸ ಕಾಯಿಲೆನೂ ಅಲ್ಲ. ರೀಜಸ್ ಅಂತ ಇನ್ನೊಂದು ಕಂಪನಿ 1989ರಲ್ಲೇ ಬ್ರಸೆಲ್ಸಲ್ಲಿ ರೆಡಿ ಆಫೀಸ್ ಬಾಡಿಗೆಗೆ ಕೊಡೋಕೆ ಶುರು ಮಾಡಿತ್ತು. ಇಂಟರ್ನೆಟ್ ಕಂಪನಿಗಳ ಡಾಟ್‌ಕಾಂ ಭರಾಟೆ ಕುಸಿದಾಗ ಬಾಡಿಗೆದಾರರು ಎದ್ದು ಹೋದ್ರು, ಲೀಸ್ ಉಳೀತು, 2003ರ ಜನವರೀಲಿ ಅದರ ಅಮೆರಿಕದ ವಿಭಾಗನೂ ದುಡ್ಡು ಬರಬೇಕಾದವರಿಂದ ಕೋರ್ಟಲ್ಲಿ ರಕ್ಷಣೆ ಕೇಳ್ಬೇಕಾಯ್ತು. ಈಗ ಅದು ಐಡಬ್ಲ್ಯುಜಿ ಅನ್ನೋ ಹೆಸರಲ್ಲಿ ಪ್ರಪಂಚದ ತುಂಬಾ ಇದೆ, ಹೊಸ ಜಾಗಗಳಲ್ಲಿ ಹೆಚ್ಚಿನವನ್ನ ಲೀಸ್ ತಗೊಳ್ಳದೆ ಕಟ್ಟಡದ ಮಾಲೀಕರ ಜೊತೆ ನಿರ್ವಹಣೆ ಒಪ್ಪಂದ ಮಾಡ್ಕೊಂಡೇ ತೆರೀತಿದೆ. ಜಾಗ ತುಂಬಿದ್ರೆ ಇಬ್ಬರಿಗೂ ಪಾಲು, ಖಾಲಿ ಬಿದ್ರೆ ಮಾಲೀಕರಿಗೂ ನೋವು. ಭಾರ ಒಬ್ಬರ ಹೆಗಲಿಂದ ಇಬ್ಬರ ಹೆಗಲಿಗೆ ಬಂತು, ಅದಕ್ಕೇ ಈ ವ್ಯವಹಾರ ಉಳ್ಕೊಳ್ಳುತ್ತೆ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಈಗ ಈ ಜಾಗಗಳು ಬೆಳೀತಿರೋದು ಯಾರಿಂದ ಅಂತ ನೋಡಿ. ನಿಮ್ಮಂಥ ಒಬ್ಬೊಬ್ಬರಿಂದ ಅಂತ ನೀವು ಅಂದ್ಕೊಂಡಿರ್ಬಹುದು, ಆದ್ರೆ ಮುಖ್ಯವಾಗಿ ದೊಡ್ಡ ಕಂಪನಿಗಳಿಂದ. ಷೇರು ಮಾರೋಕೆ ಅಂತ 2019ರಲ್ಲಿ ಕೊಟ್ಟ ಆ ದಾಖಲೇಲೇ ವೀವರ್ಕ್ ಸದಸ್ಯತ್ವದಲ್ಲಿ 40% ಅಷ್ಟು 500 ಅಥವಾ ಅದಕ್ಕಿಂತ ಹೆಚ್ಚು ನೌಕರರಿರೋ ಸಂಸ್ಥೆಗಳದ್ದು ಅಂತ ಇದೆ. ಅವರಿಗೂ ಎದ್ದು ಹೋಗೋ ಅನುಕೂಲನೇ ಬೇಕು, ವಾರದಲ್ಲಿ ಅರ್ಧದಷ್ಟು ದಿನ ಖಾಲಿ ಇರೋ ಆಫೀಸಿಗೆ ಹತ್ತು ವರ್ಷದ ಲೀಸ್ ಯಾರು ಹಾಕ್ತಾರೆ. ಇನ್ನೊಂದು ಕಾರಣ ನಿಮ್ಮ ವೃತ್ತಿಗೇ ಸೇರಿದ್ದು. ಲೀಸ್‌ಗಳನ್ನ ಲೆಕ್ಕದಲ್ಲಿ ಹೇಗೆ ತೋರಿಸ್ಬೇಕು ಅನ್ನೋ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ ಐಎಫ್‌ಆರ್‌ಎಸ್ 16 2019ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ, ಅದನ್ನ ಪಾಲಿಸೋ ಕಂಪನಿಗಳು 12 ತಿಂಗಳು ಮೀರಿದ ಲೀಸುಗಳನ್ನ ಸಾಮಾನ್ಯವಾಗಿ ಬ್ಯಾಲೆನ್ಸ್ ಶೀಟಲ್ಲಿ ಸಾಲದ ಹಾಗೆ ತೋರಿಸ್ಬೇಕು. ಅದಕ್ಕಿಂತ ಚಿಕ್ಕದಕ್ಕೆ ವಿನಾಯಿತಿ ಇದೆ. ತಿಂಗಳ ಲೆಕ್ಕದ ಜಾಗ ಫೈನಾನ್ಸ್‌ನವರಿಗೆ ಇಷ್ಟ ಆಗೋದ್ರಲ್ಲಿ ಇದಕ್ಕೂ ಪಾತ್ರ ಇದೆ.

ಇನ್ನು ಒಂಟಿತನದ ವಿಷ್ಯ, ನಂಗೆ ನಿಜವಾಗ್ಲೂ ಮುಖ್ಯ ಅನ್ನಿಸಿದ್ದು ಇದೇ. ಕೋವರ್ಕಿಂಗ್ ಶುರುವಾಗಿದ್ದೂ ಇದರಿಂದಾನೇ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರ್ಯಾಡ್ ನ್ಯೂಬರ್ಗ್ ಅನ್ನೋ ಪ್ರೋಗ್ರಾಮರ್‌ಗೆ ಕೆಲಸಕ್ಕೆ ಹೋದ್ರೆ ಸ್ವಾತಂತ್ರ್ಯ ಇಲ್ಲ, ಸ್ವಂತ ಮಾಡಿದ್ರೆ ಜೊತೆ ಇಲ್ಲ ಅನ್ನೋ ಕೊರಗು ಇತ್ತು. 2005ರ ಆಗಸ್ಟ್ 9ಕ್ಕೆ, ಮಹಿಳೆಯರ ಗುಂಪೊಂದು ನಡೆಸ್ತಿದ್ದ ಸ್ಪೈರಲ್ ಮ್ಯೂಸ್ ಅನ್ನೋ ಮನೇಲಿ ವಾರಕ್ಕೆ ಎರಡು ದಿನ ಜಾಗ ತಗೊಂಡು ಮೇಜು ಹಾಕಿ ಕೂತ್ರು. ಮೊದಲ ತಿಂಗಳು ಯಾರೂ ಬರ್ಲಿಲ್ಲ, ಆಮೇಲೆ ಒಬ್ಬೊಬ್ಬರಾಗಿ ಬಂದ್ರು. ಅಲ್ಲಿ ಯಾವ ಅಲಂಕಾರನೂ ಇರ್ಲಿಲ್ಲ. ಅವೇ ದಿನ, ಅವೇ ಮುಖ, ಮಧ್ಯಾಹ್ನ ಒಟ್ಟಿಗೆ ಊಟ, ಜನ ಹತ್ತಿರ ಆಗೋಕೆ ಅಷ್ಟು ಸಾಕಾಯ್ತು.

ಈಗಿನ ಹಾಟ್ ಡೆಸ್ಕಲ್ಲಿ ಇದು ಕಷ್ಟ. ಹಾಟ್ ಡೆಸ್ಕ್ ಅಂದ್ರೆ ಖಾಲಿ ಇರೋ ಕಡೆ ಕೂತ್ಕೊಳ್ಳೋದು, ನಿಮ್ಮದೇ ಅಂತ ಕುರ್ಚಿ ಇಲ್ಲ. ನಿಮಗಿರೋ ಅನುಕೂಲನೇ ಪಕ್ಕದವರಿಗೂ ಇದೆಯಲ್ಲ, ನೀವು ಮುಂದಿನ ತಿಂಗಳು ಎದ್ದು ಹೋಗ್ಬಹುದು ಅಂದ್ರೆ ಅವರೂ ಹೋಗ್ಬಹುದು, ಇವತ್ತು ನಕ್ಕು ಮಾತಾಡಿಸಿದವರು ಬರೋ ವಾರ ಇರಲ್ಲ, ಎರಡು ಸಲ ಹೀಗಾದ್ರೆ ಮೂರನೇ ಸಲ ಮಾತಾಡ್ಸೋಕೆ ಮನಸ್ಸೇ ಬರಲ್ಲ, ಎಲ್ಲರೂ ಹೆಡ್‌ಫೋನ್ ಹಾಕ್ಕೊಂಡು ಕೂರ್ತಾರೆ. ಮನೆಗಿಂತ ಜಾಸ್ತಿ ಒಂಟಿ ಅನ್ನಿಸೋ ಜಾಗ ಅದಾಗ್ಬಹುದು. ಜಾಹೀರಾತಲ್ಲಿ ಕಮ್ಯುನಿಟಿ ಅಂತ ದೊಡ್ಡದಾಗಿ ಬರೀತಾರೆ, ನೀವು ನೋಡ್ಬೇಕಾಗಿರೋದು ಅದನ್ನ ನಡೆಸೋ ಮನುಷ್ಯರು ಯಾರಾದ್ರೂ ಇದ್ದಾರಾ ಅಂತ. ಹೊಸಬರ ಹೆಸರು ನೆನಪಿಟ್ಕೊಂಡು ಇನ್ನೊಬ್ಬರಿಗೆ ಪರಿಚಯ ಮಾಡ್ಸೋ ಮ್ಯಾನೇಜರ್ ಇದ್ರೆ ಆ ಜಾಗಕ್ಕೆ ಜೀವ ಇರುತ್ತೆ.

ಅದಕ್ಕೇ ಸೇರೋ ಮುಂಚೆ ಒಂದು ದಿನದ ಪಾಸ್ ತಗೊಂಡು ಹೋಗಿ, ಅದೂ ವಾರದ ಮಧ್ಯೆ, ಜನ ತುಂಬಿರೋ ದಿನ. ನಿಮ್ಮ ಪಕ್ಕ ಕೂತವರನ್ನ ಎಷ್ಟು ದಿನದಿಂದ ಬರ್ತಿದ್ದೀರ ಅಂತ ಕೇಳಿ. ಎಲ್ಲರೂ ಹೊಸಬರೇ ಆಗಿದ್ರೆ ಯೋಚ್ನೆ ಮಾಡಿ. ಬಾಗಿಲು ಹಾಕ್ಕೊಂಡು ಫೋನಲ್ಲಿ ಮಾತಾಡೋ ಪುಟ್ಟ ಬೂತ್ ಎಷ್ಟಿದೆ ನೋಡಿ, ಬೇರೆಯವರ ಸಂಬಳ, ತೆರಿಗೆ ಬಗ್ಗೆ ನೀವು ತೆರೆದ ಹಾಲಲ್ಲಿ ಜೋರಾಗಿ ಮಾತಾಡೋ ಹಾಗಿಲ್ಲ. ಸ್ಕ್ರೀನ್ ಹಿಂದಿನಿಂದ ಓಡಾಡೋರಿಗೆ ಕಾಣ್ದೇ ಇರೋ ಹಾಗೆ ಕೂರೋಕೆ ಜಾಗ ಇದ್ಯಾ, ವೈಫೈ ಎಲ್ಲರದ್ದೂ ಒಂದೇ ಪಾಸ್‌ವರ್ಡಾ, ರಾತ್ರಿ ಕಾಗದಪತ್ರ ಇಡೋಕೆ ಲಾಕರ್ ಉಂಟಾ, ಇಷ್ಟೂ ಕೇಳ್ಲೇಬೇಕು.

ಒಪ್ಪಂದನೂ ಪೂರ್ತಿ ಓದಿ. ಸಾಮಾನ್ಯವಾಗಿ ಅದು ಬಾಡಿಗೆ ಕರಾರಲ್ಲ, ಜಾಗ ಬಳಸೋ ಅನುಮತಿ ಅಷ್ಟೇ, ಹಾಗಾಗಿ ಬಾಡಿಗೆದಾರರಿಗಿರೋ ರಕ್ಷಣೆ ನಿಮಗಿಲ್ದೇ ಇರ್ಬಹುದು. ಕಡಿಮೆ ರೇಟ್ ತೋರಿಸಿ, ಇಷ್ಟು ತಿಂಗಳು ಬಿಟ್ಟು ಹೋಗೋ ಹಾಗಿಲ್ಲ ಅಂತ ಲಾಕ್-ಇನ್ ಹಾಕ್ತಾರೆ, ಅಲ್ಲಿಗೆ ನೀವು ಯಾವುದಕ್ಕೆ ದುಡ್ಡು ಕೊಟ್ರೋ ಅದನ್ನೇ ವಾಪಸ್ ಕೊಟ್ಟ ಹಾಗಾಯ್ತು. ಡೆಪಾಸಿಟ್ ಆದಷ್ಟು ಚಿಕ್ಕದಿರ್ಲಿ, ನಡೆಸೋರೇ ಕಟ್ಟಡ ಕಳ್ಕೊಂಡ್ರೆ ಅದು ವಾಪಸ್ ಬರೋದು ಕಷ್ಟ.

ಆ ಇಬ್ಬರು ಗೆಳತಿಯರ ವಿಷ್ಯಕ್ಕೆ ಬರ್ತೀನಿ. ಮೂರೂ ಜನ ಸೇರಿ ಒಂದು ಸಣ್ಣ ಕ್ಯಾಬಿನ್ ತಗೊಳ್ಳೋಕೆ ಆಗುತ್ತಾ ನೋಡಿ, ಎಷ್ಟೋ ಕಡೆ ಮೂರು ನಾಲ್ಕು ಜನರ ಕ್ಯಾಬಿನ್ ಇರುತ್ತೆ, ಬಾಗಿಲು ಹಾಕ್ಕೊಂಡ್ರೆ ಗುಟ್ಟಿನ ಮಾತೂ ಆಡ್ಬಹುದು. ಜಾಗದ ಜೊತೆ ತಿಂಗಳ ಲೆಕ್ಕನೇ ಇರ್ಲಿ, ನಿಮ್ಮ ನಿಮ್ಮಲ್ಲಿ ಮಾತ್ರ ಒಂದು ವರ್ಷ ಯಾವ್ಯಾವ ದಿನ ಬರ್ತೀವಿ ಅಂತ ಮೊದಲೇ ಮಾತಾಡ್ಕೊಳ್ಳಿ. ಕರಾರು ಒಬ್ಬರ ಹೆಸರಲ್ಲಿದ್ರೆ ಪೂರ್ತಿ ದುಡ್ಡಿಗೆ ಅವರೇ ಹೊಣೆ ಆಗ್ತಾರೆ, ಅದಕ್ಕೆ ಮೂವರ ಹೆಸರಲ್ಲೂ ಬೇರೆ ಬೇರೆ ಮೆಂಬರ್‌ಶಿಪ್ ಮಾಡ್ಕೊಡ್ತೀರಾ ಅಂತ ಕೇಳಿ. ಆಗಲ್ಲ ಅಂದ್ರೆ ಒಬ್ಬರು ಮಧ್ಯೆ ಬಿಟ್ಟು ಹೋದ್ರೆ ಎಷ್ಟು ತಿಂಗಳ ಪಾಲು ಕೊಡ್ಬೇಕು ಅಂತ ನೀವೇ ಒಂದು ಹಾಳೇಲಿ ಬರ್ದು ಮೂವರೂ ಸಹಿ ಹಾಕಿ, ಆಮೇಲೆ ಅಡ್ವಾನ್ಸ್ ಕೊಡಿ.