ಮಲ್ಪೆ ಬದಿಯ ಹಳೆಯ ಡೀಸೆಲ್ ಎಸ್‌ಯುವಿ ತಗೊಳ್ಳಬಹುದಾ? ರಿಪೇರಿಗೆ ಎಷ್ಟು ಎತ್ತಿಡಬೇಕು?

ನಿಮ್ಮ ಪ್ರಶ್ನೆ ಓದಿದೆ. 2015ರ ಮಾಡೆಲ್, ಏಳು ಸೀಟಿನ ಡೀಸೆಲ್ ಗಾಡಿ, 1.10 ಲಕ್ಷ ಕಿಲೋಮೀಟರ್ ಓಡಿದೆ, ಮಲ್ಪೆ ಹತ್ತಿರ ಉಂಟು, ಆರು ಲಕ್ಷ ಹೇಳುತ್ತಿದ್ದಾರೆ. ಎಂಜಿನ್ ಚೆನ್ನಾಗಿದೆಯಂತೆ. ಮುಂದೆ ಏನೇನು ಕೆಡಬಹುದು, ಎಷ್ಟು ಖರ್ಚು ಬರಬಹುದು ಅಂತ ಕೇಳಿದ್ದೀರಿ.

ನಾನು 2019ರಲ್ಲಿ ಉಡುಪಿಯಲ್ಲೇ ಇಂಥದ್ದೊಂದು ಗಾಡಿ ತೆಗೆದುಕೊಂಡೆ. ಈಗಲೂ ಅದರಲ್ಲೇ ಓಡಾಟ. ಮಂಗಳೂರಿಗೆ ವಾರಕ್ಕೆ ಮೂರು ಸಲ, ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ತಿಂಗಳಿಗೆ ಎರಡು ಸಲ. ಬಿಲ್ಲುಗಳನ್ನೆಲ್ಲ ಫೈಲ್ ಮಾಡಿ ಇಟ್ಟಿದ್ದೇನೆ, ಕೆಳಗಿನ ಲೆಕ್ಕ ಅದನ್ನೇ ನೋಡಿ ಬರೆದದ್ದು. ಕಂಪನಿಯ ಹೆಸರು ಹಾಕುವುದಿಲ್ಲ. ನನಗೆ ಖರ್ಚು ತಂದದ್ದು ಹೆಚ್ಚಾಗಿ ನಮ್ಮ ಉಪ್ಪು ಗಾಳಿ, ಮಳೆ ಮತ್ತು ಘಾಟಿ.

ಮೀಟರ್ ಆಮೇಲೆ ನೋಡಿ, ಮೊದಲು ಗಾಡಿಯ ಅಡಿ ನೋಡಿ. ನಾನು ನೋಡಿರಲಿಲ್ಲ. ಕಡಲಿಗೆ ಕೂಗಳತೆ ದೂರದ ಮನೆಯ ಅಂಗಳದಲ್ಲಿ ನಿಲ್ಲುತ್ತಿದ್ದ ಗಾಡಿ ಅದು. ಬರೀ 74,000 ಕಿ.ಮೀ. ಓಡಿತ್ತು. ಪೈಂಟ್ ಫಳಫಳ, ಎಂಜಿನ್ ಶಬ್ದವೂ ಚೆಂದ. ಅದೇ ವರ್ಷ ಜುಲೈ ಮಳೆಯಲ್ಲಿ ಪಡುಬಿದ್ರಿ ದಾಟುವಾಗ ಬ್ರೇಕ್ ಪೆಡಲ್ ಮೆತ್ತಗೆ ಕೆಳಗೆ ಹೋಯಿತು. ಹಿಂದಿನ ಚಕ್ರಕ್ಕೆ ಹೋಗುವ ಬ್ರೇಕ್ ಪೈಪ್ ತುಕ್ಕು ತಿಂದು ತೂತಾಗಿತ್ತು. ಮುಂದಿನ ಬ್ರೇಕಿನ ಸರ್ಕ್ಯೂಟ್ ಬೇರೆ ಇದ್ದದ್ದರಿಂದ ಗಾಡಿ ಹೇಗೋ ನಿಂತಿತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಇವತ್ತಿಗೂ ಆ ಜಾಗ ಬಂದಾಗ ಕಾಲು ತಾನಾಗಿಯೇ ಬ್ರೇಕ್ ಮೇಲೆ ಹೋಗುತ್ತದೆ.

ಪೈಪಿಗೆ ಆದದ್ದು 2,800 ರೂಪಾಯಿ. ಅಷ್ಟಕ್ಕೇ ಮುಗಿಯಲಿಲ್ಲ. ರ‍್ಯಾಂಪ್ ಮೇಲೆ ಏರಿಸಿದಾಗ ಚಾಸಿಯ (ಗಾಡಿಯನ್ನೆಲ್ಲ ಹೊತ್ತಿರುವ ಕಬ್ಬಿಣದ ಚೌಕಟ್ಟು) ಹಿಂದಿನ ಅಡ್ಡಪಟ್ಟಿಯಲ್ಲಿ ತುಕ್ಕು ಹಪ್ಪಳದ ಹಾಗೆ ಏಳುತ್ತಿತ್ತು. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಒತ್ತಿದ, ಒಳಗೇ ಹೋಯಿತು. ಕತ್ತರಿಸಿ, ಹೊಸ ಪ್ಲೇಟ್ ವೆಲ್ಡ್ ಮಾಡಿಸಿ, ಒಳಗೆ ಮೇಣದಂಥ ಆಂಟಿ ರಸ್ಟ್ ಹೊಡೆಸಿದ್ದಕ್ಕೆ 31,000. ಅಷ್ಟರಲ್ಲೇ ಕಣ್ಣಿಗೆ ಬಿದ್ದದ್ದು ಪುಣ್ಯ. ಕ್ಲಚ್ ಹೋದರೆ ಹೊಸತು ಸಿಗುತ್ತದೆ, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೋ ಹೋದರೂ ಸಿಗುತ್ತದೆ. ಚಾಸಿ ಹೋದರೆ ಗಾಡಿಯೇ ಹೋದ ಹಾಗೆ.

ಉಪ್ಪು ಬರೀ ಗಾಳಿಯಲ್ಲಿ ಬರುವುದಲ್ಲ. ಹೆದ್ದಾರಿ 66ರಲ್ಲಿ ಮೀನಿನ ಲಾರಿ ಹಿಂದೆ ಹೋಗಿದ್ದೀರಲ್ವಾ? ಐಸ್ ಕರಗಿದ ಆ ನೀರು ರಸ್ತೆಗೆ ಸುರಿದು ನಮ್ಮ ಚಕ್ರದಿಂದ ಸೀದಾ ಅಡಿಗೆ ಎರಚುತ್ತದೆ. ಮೇಲಿಂದ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಹಾಗಾಗಿ ಬೆಂಗಳೂರಿನಲ್ಲಿ ಓಡಿದ 1.5 ಲಕ್ಷದ ಗಾಡಿ ನಮ್ಮ ಕಡಲ ಬದಿಯ 70 ಸಾವಿರದ ಗಾಡಿಗಿಂತ ಗಟ್ಟಿ ಇರಬಹುದು. ಅಡಿಯಲ್ಲಿ ಹೊಸದಾಗಿ ಕಪ್ಪು ಕೋಟಿಂಗ್ ಕಂಡರೆ ಇನ್ನೂ ಹುಷಾರು. ತುಕ್ಕಿನ ಮೇಲೆಯೇ ಅದನ್ನು ಬಳಿದಿದ್ದರೆ ತೇವ ಒಳಗೇ ಸಿಕ್ಕಿ ಜಾಸ್ತಿ ತಿನ್ನುತ್ತದೆ. ಸಣ್ಣ ಸುತ್ತಿಗೆಯಲ್ಲಿ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತಿಂದು ಹೋದದ್ದು ಡಬ್ ಅನ್ನುತ್ತದೆ.

ಇನ್ನು ಕ್ಲಚ್. ಶಿರಾಡಿ ಘಾಟಿಯ ಬುಡದ ಗುಂಡ್ಯ ದಾಟಿ ಗ್ಯಾಸ್ ಟ್ಯಾಂಕರ್‌ಗಳ ಹಿಂದೆ ಅರ್ಧ ಕ್ಲಚ್‌ನಲ್ಲಿ ತೆವಳಿದ ಗಾಡಿಗೆ ಪ್ಲೇಟ್ ಬೇಗ ಸವೆಯುತ್ತದೆ. ಮಣಿಪಾಲದ ಏರಿನಲ್ಲಿ ನಾಲ್ಕನೇ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ನನಗೆ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್, ಲೇಬರ್ ಎಲ್ಲ ಸೇರಿ 19,500 ಆಯಿತು. ಆದರೆ ಕೆಲವು ಗಾಡಿಗಳಲ್ಲಿ ಡ್ಯುಯಲ್ ಮಾಸ್ ಫ್ಲೈವೀಲ್ (ಎಂಜಿನ್ನಿನ ಅದುರು ತಗ್ಗಿಸುವ ಎರಡು ಪದರದ ಭಾರದ ಚಕ್ರ) ಇರುತ್ತದೆ. ಅದೂ ಹೋದರೆ 50,000 ದಾಟುತ್ತದೆ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡುವಾಗ ಗಡಗಡ ಶಬ್ದ ಬಂದರೆ ಮೊದಲು ಅದನ್ನು ಚೆಕ್ ಮಾಡಿಸಿ.

ಟರ್ಬೋ ವಿಷಯದಲ್ಲಿ ನನಗೆ ತೊಂದರೆ ಬರಲಿಲ್ಲ. ಘಾಟಿ ಹತ್ತಿದ ಮೇಲೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟೇ ಆಫ್ ಮಾಡುತ್ತೇನೆ. ಗೆಳೆಯರೊಬ್ಬರು ರೀಕಂಡೀಷನ್ ಮಾಡಿಸಿದ್ದಕ್ಕೆ 22,000 ಕೊಟ್ಟರು. ನೀಲಿ ಹೊಗೆ ಬಂದರೆ, ಟರ್ಬೋದ ಗಾಳಿ ತಣಿಸುವ ಇಂಟರ್‌ಕೂಲರ್‌ನ ಪೈಪಿನಲ್ಲಿ ಆಯಿಲ್ ನಿಂತಿದ್ದರೆ ಅನುಮಾನ ಪಡಿ. ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗೆ ಮಾತ್ರ ದುಡ್ಡು ಹೋಯಿತು. ಎರಡನ್ನು ರಿಪೇರಿ ಮಾಡಿಸಿದೆ, ಒಂದಕ್ಕೆ 7,500. ಡೀಸೆಲ್ ಫಿಲ್ಟರ್‌ನಲ್ಲಿ ನಿಂತ ನೀರನ್ನು ಮಳೆಗಾಲದಲ್ಲಿ ಆಗಾಗ ಇಳಿಸಬೇಕಿತ್ತು, ಇಳಿಸಿರಲಿಲ್ಲ. ಬೆಳಿಗ್ಗೆ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ನೋಡಿ. ನೀವು ಹೋಗುವ ಮೊದಲೇ ಅವರು ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. 2015ರ ಗಾಡಿಯಾದ್ದರಿಂದ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತಲೆಬಿಸಿ ಹೆಚ್ಚಾಗಿ ಇರುವುದಿಲ್ಲ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ, ಬದಲಿಸಿದ ಬಿಲ್ ತೋರಿಸದಿದ್ದರೆ, ತಗೊಂಡ ವಾರವೇ ಬದಲಿಸಿ. 10,000ದ ಆಸುಪಾಸು. ಅದು ತುಂಡಾದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗಬಹುದು.

ಲೋವರ್ ಆರ್ಮ್, ಲಿಂಕ್ ರಾಡ್, ಬುಷ್‌ಗೆ ಒಟ್ಟು 14,000. ಮುಂದಿನ ಶಾಕ್‌ಗೆ 9,000. ಟೈರ್ ನಾಲ್ಕಕ್ಕೆ 42,000, ಇದನ್ನು ಲೆಕ್ಕಕ್ಕೆ ಹಿಡಿಯಲು ಸುಮಾರು ಜನ ಮರೆಯುತ್ತಾರೆ. ಎಸಿ ಕಂಡೆನ್ಸರ್‌ನ ತೆಳು ರೆಕ್ಕೆಗಳು ಉಪ್ಪಿಗೆ ಪುಡಿಯಾಗುತ್ತವೆ. ಗ್ಯಾಸ್ ಸೇರಿ 9,200 ಆಯಿತು.

ಒಂದು ವಿಷಯ ಮಾತ್ರ ಬಿಡಿಸಿ ಹೇಳುತ್ತೇನೆ, ನಿಮ್ಮ ದುಡ್ಡು ಉಳಿದೀತು. ಒಮ್ಮೆ ಸೆಲ್ಫ್ ಹೊಡೆದರೆ ಬರೀ ಟಿಕ್ ಟಿಕ್. ಒಂದು ಗ್ಯಾರೇಜಿನಲ್ಲಿ ಸ್ಟಾರ್ಟರ್ ಮೋಟಾರ್ ಬದಲಿಸಬೇಕು, 11,000 ಅಂದರು. ಇನ್ನೊಬ್ಬರು ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ಥ್ ಕೇಬಲ್ ಬಿಚ್ಚಿದರು. ತುದಿಯೆಲ್ಲ ಹಸಿರು ಪಾಚಿಯ ಹಾಗೆ. ಉಜ್ಜಿ, ಹೊಸ ಕೇಬಲ್ ಹಾಕಿದ್ದಕ್ಕೆ 450 ರೂಪಾಯಿ. ನಮ್ಮ ಕಡೆ ಯಾವುದೇ ಕರೆಂಟಿನ ತೊಂದರೆ ಬಂದರೂ ಮೊದಲು ಅರ್ಥ್ ನೋಡಿಸಿ.

ನೀರಿನಲ್ಲಿ ಮುಳುಗಿದ ಗಾಡಿಯಾ ಅಂತಲೂ ನೋಡಲೇಬೇಕು. 2018ರ ಮೇ 29ರಂದು ಮಂಗಳೂರಿನಲ್ಲಿ, 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೀರು ನುಗ್ಗಿದ್ದು ನೆನಪಿರಬಹುದು. ನೀವು ನೋಡಿರುವ ಗಾಡಿ 2015ರದ್ದು, ಆ ಎರಡೂ ಸಲಕ್ಕೆ ಮೊದಲೇ ಬಳಕೆಗೆ ಬಂದದ್ದು. ಸೀಟ್ ಬೆಲ್ಟನ್ನು ಪೂರ್ತಿ ಎಳೆಯಿರಿ, ಕೊನೆಯಲ್ಲಿ ಕೆಸರಿನ ಗೆರೆ ಇದೆಯಾ ನೋಡಿ. ಕಾರ್ಪೆಟ್ ಎತ್ತಿ ಸೀಟಿನ ಕಂಬಿ ನೋಡಿ. ಅಲ್ಲಿ ತುಕ್ಕು ಇದ್ದರೆ ಮಾತೇ ಬೇಡ, ಎಷ್ಟು ಕಡಿಮೆಗೆ ಕೊಟ್ಟರೂ ಬಿಡಿ. ವೈರಿಂಗ್ ಒಳಗಿಂದ ವರ್ಷಗಟ್ಟಲೆ ಕಾಡುತ್ತದೆ.

ನನಗೆ ಮೊದಲ ಎರಡು ವರ್ಷದಲ್ಲಿ ಟೈರ್ ಸೇರಿ 1.45 ಲಕ್ಷ ಹೋಯಿತು, ಸರ್ವೀಸ್ ಬೇರೆ. ಹಾಗಾಗಿ ನಿಮ್ಮ ಕೈಯಲ್ಲಿ ಇರುವುದೇ ಆರು ಲಕ್ಷ ಆದರೆ ನಾಲ್ಕೂವರೆಯ ಗಾಡಿ ಹುಡುಕಿ. ಆರ್‌ಸಿ 15 ವರ್ಷಕ್ಕೆ, ಅಂದರೆ 2030ಕ್ಕೆ ಮುಗಿಯುತ್ತದೆ. ರಿನ್ಯೂ ಮಾಡುವಾಗ ಗಾಡಿಯನ್ನು ಆರ್‌ಟಿಒಗೆ ತೋರಿಸಬೇಕು, ಆಗಲೂ ಈ ತುಕ್ಕು ಎದುರಿಗೆ ಬಂದು ನಿಲ್ಲುತ್ತದೆ.

ಮಾಲೀಕರ ಹತ್ತಿರ ಒಂದೇ ಒಂದು ಕೇಳಿ: ನಿಮಗೆ ಗೊತ್ತಿರುವ ಗ್ಯಾರೇಜಿನಲ್ಲಿ ಅರ್ಧ ಗಂಟೆ ರ‍್ಯಾಂಪ್ ಮೇಲೆ ಏರಿಸಲು ಬಿಡುತ್ತಾರಾ ಅಂತ. ಒಪ್ಪಿದರೆ ಹಿಂದಿನ ಅಡ್ಡಪಟ್ಟಿ, ಬ್ರೇಕ್ ಪೈಪ್, ಸ್ಪ್ರಿಂಗ್ ಕೂರುವ ಜಾಗ, ಈ ಮೂರರ ಫೋಟೋ ತೆಗೆದು ಇಲ್ಲೇ ಹಾಕಿ. ರಾತ್ರಿ ಎಷ್ಟು ಹೊತ್ತಾದರೂ ನೋಡಿ ಹೇಳುತ್ತೇನೆ.